ಮಾಡ್ ಸಿದ್ಧವಾಯ್ತು, ಇಡೋದು ಎಲ್ಲಿ?

ಹೋದ ದಸರಾ ರಜೆಯಲ್ಲಿ ರಾಜಾಜಿನಗರದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಹನ್ನೆರಡು ವರ್ಷದ ಹುಡುಗ. "ಚಿಕ್ಕಿ, ನೀನು ಮಾಡಿದ ಲಾರಿ ಹುಡುಕ್ತಾ ಇದೀನಿ. ಇದ್ರಲ್ಲಿ ಯಾವ ಬಟನ್ ಒತ್ತಬೇಕು?" ಅಂದ. ಬಗ್ಗಿ ನೋಡಿದೆ. ಒಂದೇ ಪುಟದಲ್ಲಿ ಐದು ಹಸಿರು ಬಟನ್. ಐದರ ಮೇಲೂ ಡೌನ್‌ಲೋಡ್ ಅಂತಲೇ ಬರೆದಿತ್ತು. ಮೇಲ್ಗಡೆ, ಇನ್ನು 15 ಸೆಕೆಂಡ್ ಕಾಯಿರಿ ಅನ್ನುವ ಎಣಿಕೆ ಓಡುತ್ತಿತ್ತು. ಅವನು ಆಗಲೇ ಒಂದು ಬಟನ್ ಒತ್ತಿಯೂ ಆಗಿತ್ತು. ಡೌನ್‌ಲೋಡ್ ಫೋಲ್ಡರ್‌ಗೆ ಬಂದು ಕೂತಿದ್ದದ್ದು ಸೆಟಪ್ ಅನ್ನುವ ಹೆಸರಿನ ಒಂದು ಇಎಕ್ಸ್‌ಇ ಫೈಲ್, ಅಂದರೆ ತೆರೆದ ಕೂಡಲೇ ಓಡುವ ಪ್ರೋಗ್ರಾಂ. ನಾನು ಮಾಡಿದ್ದರಲ್ಲಿ ಅಂಥ ಫೈಲ್ ಇರಲೇ ಇಲ್ಲ. ಅದನ್ನು ತೆರೆಯುವ ಮೊದಲೇ ಅಳಿಸಿ ಹಾಕಿದೆವು.

ಆ ಲಾರಿ ಒಂದು ಮಾಡ್, ಅಂದರೆ ಇರುವ ಆಟಕ್ಕೆ ಆಡುವವರೇ ಮಾಡಿ ಸೇರಿಸುವ ಹೊಸ ಭಾಗ. ಅದನ್ನು ನಾನು ಯೂರೋ ಟ್ರಕ್ ಸಿಮ್ಯುಲೇಟರ್ 2 ಅನ್ನುವ ಲಾರಿ ಓಡಿಸುವ ಆಟಕ್ಕೆ ಮಾಡಿದ್ದು. ಯಶವಂತಪುರದ ಎಪಿಎಂಸಿ ಯಾರ್ಡ್ ಸುತ್ತ, ಕಲಾಸಿಪಾಳ್ಯದಲ್ಲಿ ನಿಂತಿರುವ ಲಾರಿಗಳನ್ನು ನೋಡಿ ನೋಡಿ ಟ್ರೇಲರ್‌ಗೆ ಅದೇ ಬಣ್ಣ, ಅದೇ ಪಟ್ಟಿ, ಹಿಂದಿನ ಬಾಗಿಲ ಮೇಲೆ "ನಿಧಾನವೇ ಪ್ರಧಾನ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಮೂರು ತಿಂಗಳ ಕೆಲಸ. ಮುಗಿದ ದಿನ ಖುಷಿಯಲ್ಲಿ, ಕೈಗೆ ಸಿಕ್ಕ ಒಂದು ಪುಕ್ಕಟೆ ಫೈಲ್ ಹಂಚುವ ತಾಣಕ್ಕೆ ಏರಿಸಿದೆ. ಲಿಂಕನ್ನು ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಹಾಕಿ ಸುಮ್ಮನಾದೆ. ಕೆಲವು ತಿಂಗಳು ನಾನು ಲಾಗಿನ್ ಆಗಲಿಲ್ಲ ಅಂತ ಆ ತಾಣ ಫೈಲನ್ನು ಅಳಿಸಿತು. ಅಷ್ಟರಲ್ಲಿ ಯಾರೋ ಅದರ ಪ್ರತಿ ಇಟ್ಟುಕೊಂಡಿದ್ದವರು ಅದನ್ನು ಜಾಹೀರಾತಿನ ಲಿಂಕ್‌ಗಳ ಹಿಂದೆ ಕೂರಿಸಿದ್ದರು. ಹುಡುಕಿದವರಿಗೆ ಸಿಗುತ್ತಿದ್ದದ್ದು ಅದೊಂದೇ.

ಮಾಡ್ ಮಾಡುವವರಿಗೆ ಇದನ್ನೇ ಹೇಳಬೇಕು ಅಂತ ಈ ಲೇಖನ. ಅಸಲಿ ಮಾಡ್‌ಗೆ ನೀವೊಂದು ಗಟ್ಟಿ ವಿಳಾಸ ಕೊಡದಿದ್ದರೆ ಆ ವಿಳಾಸವನ್ನು ಬೇರೆ ಯಾರೋ ಕೊಡುತ್ತಾರೆ. ಅದರ ನಷ್ಟ ತಟ್ಟುವುದು ನಿಮ್ಮನ್ನು ನಂಬಿ ಹುಡುಕಿಕೊಂಡು ಬಂದ ಹುಡುಗರಿಗೆ. ಹಾಗಾಗಿ ಜಾಗ ಆರಿಸುವುದನ್ನೂ ಮಾಡ್ ಮಾಡುವ ಕೆಲಸದ ಒಂದು ಭಾಗ ಅಂತಲೇ ಎಣಿಸಿ. ಒಂದು ಭಾನುವಾರ ಅದಕ್ಕೇ ಎತ್ತಿಡಿ.

1. ಮೊದಲು ಆಟದ ಒಳಗೆ ನೋಡಿ

ತಾಣಗಳ ಪಟ್ಟಿ ಹುಡುಕುವ ಮೊದಲು ಆಟವನ್ನೇ ತೆರೆಯಿರಿ. ಮೊದಲ ಮೆನುವಿನಲ್ಲಿ ಮಾಡ್ಸ್, ಮಾಡ್ ಮ್ಯಾನೇಜರ್, ವರ್ಕ್‌ಶಾಪ್ ಅಂತ ಏನಾದರೂ ಇದೆಯಾ? ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆಟ ಮಾಡಿದವರೇ ಒಂದು ತಾಣವನ್ನು ಆಟಕ್ಕೆ ಜೋಡಿಸಿದ್ದಾರೆ ಅಂದರೆ ಆಡುವವರು ಮೊದಲು ಕೈ ಹಾಕುವುದು ಅಲ್ಲಿಗೇ. ನನ್ನ ಆಟಕ್ಕೆ ಸ್ಟೀಮ್ ವರ್ಕ್‌ಶಾಪ್ ಇತ್ತು, ಅಂದರೆ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯ ಮಾಡ್ ವಿಭಾಗ. ನನ್ನ ಅಕ್ಕನ ಮಗನೂ ಮೊದಲು ಹುಡುಕಿದ್ದು ಅಲ್ಲೇ. ಅಲ್ಲಿ ಸಿಗದಿದ್ದಕ್ಕೇ ಅವನು ಹೊರಗೆ ಹುಡುಕಲು ಹೋದದ್ದು.

ಆಮೇಲೆ ನಿಮ್ಮ ಮಾಡ್ ಬಳಸುವವರು ಯಾವ ಯಂತ್ರದಲ್ಲಿ ಆಡುತ್ತಾರೆ ಅಂತ ಕೇಳಿಕೊಳ್ಳಿ. ಕಂಪ್ಯೂಟರ್ ಒಂದೇನಾ? ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಇರುವವರೂ ಇದ್ದಾರಾ? ಫೋನಾ? ನಮ್ಮ ಕಡೆ ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಟದಲ್ಲಿ ಐರಾವತ, ರಾಜಹಂಸ, ಬಿಎಂಟಿಸಿ ಬಸ್ ಓಡಿಸುವ ಹುಡುಗರು ಎಷ್ಟು ಜನ ಇದ್ದಾರೆ ಅಂತ ಯಾವುದೇ ಶಾಲೆಯ ಗೇಟಿನ ಹತ್ತಿರ ನಿಂತರೆ ಗೊತ್ತಾಗುತ್ತದೆ. ಅವರ ಕೈಯಲ್ಲಿ ಕಂಪ್ಯೂಟರ್ ಇಲ್ಲ, ಸ್ಟೀಮ್ ಖಾತೆ ಇಲ್ಲ. ಫೋನಿನ ಬ್ರೌಸರ್‌ನಲ್ಲಿ ನೇರವಾಗಿ ಇಳಿಸಿಕೊಳ್ಳಲು ಬರುವ ಜಾಗವೇ ಅವರಿಗೆ ಬೇಕು. ಅಂಥ ಆಟಕ್ಕೆ ಮಾಡ್ ಮಾಡುವವರು ಮುಂದೆ ಬರುವ ನಾಲ್ಕನೇ ಹೆಜ್ಜೆಯನ್ನು ಎರಡು ಸಲ ಓದಿ.

ಆಟವನ್ನು ಎಲ್ಲಿ ಕೊಂಡಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ವರ್ಕ್‌ಶಾಪ್‌ನಲ್ಲಿ ಇಟ್ಟದ್ದು ಸ್ಟೀಮ್‌ನಲ್ಲಿ ಆಟ ಕೊಂಡವರಿಗೆ ಸಲೀಸು. ಅದೇ ಆಟವನ್ನು ಗಾಗ್, ಎಪಿಕ್ ಥರದ ಬೇರೆ ಆನ್‌ಲೈನ್ ಅಂಗಡಿಯಲ್ಲಿ ಕೊಂಡವರಿಗೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ.

2. ಒಂದೊಂದು ತಾಣದ ಗುಣ ತಿಳಿದುಕೊಳ್ಳಿ

ಸ್ಟೀಮ್ ವರ್ಕ್‌ಶಾಪ್ ಶುರುವಾದದ್ದು 2011ರಲ್ಲಿ. ಅದರ ದೊಡ್ಡ ಬಲ ಸಬ್‌ಸ್ಕ್ರೈಬ್ ಬಟನ್. ಒಂದು ಸಲ ಒತ್ತಿದರೆ ಮಾಡ್ ತಾನೇ ಇಳಿಯುತ್ತದೆ, ನೀವು ಹೊಸ ವರ್ಷನ್ ಹಾಕಿದಾಗ ತಾನೇ ಬದಲಾಗುತ್ತದೆ. ಝಿಪ್ ಬಿಚ್ಚುವುದು, ಫೋಲ್ಡರ್ ಹುಡುಕುವುದು ಯಾವುದೂ ಇಲ್ಲ. ಮಕ್ಕಳಿಗೆ, ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಆದರೆ ಆಟ ಮಾಡಿದವರು ಅದನ್ನು ತೆರೆದಿರಬೇಕು, ಇಲ್ಲದಿದ್ದರೆ ಏರಿಸಲು ದಾರಿಯೇ ಇಲ್ಲ. ಇನ್ನೊಂದು ವಿಷಯ ಹೊಸಬರನ್ನು ತಡೆದು ನಿಲ್ಲಿಸುತ್ತದೆ: ಸ್ಟೀಮ್‌ನಲ್ಲಿ ಕನಿಷ್ಠ 5 ಡಾಲರ್‌ನಷ್ಟು ಖರ್ಚು ಮಾಡದ ಖಾತೆಗೆ ಕೆಲವು ಮಿತಿಗಳಿವೆ, ವರ್ಕ್‌ಶಾಪ್‌ಗೆ ಏರಿಸುವುದೂ ಅದರಲ್ಲಿ ಒಂದು. ಪುಕ್ಕಟೆ ಆಟಗಳನ್ನಷ್ಟೇ ಆಡಿಕೊಂಡು ಬಂದವರು ಇದನ್ನು ಮೊದಲೇ ನೋಡಿಕೊಳ್ಳಿ.

ನೆಕ್ಸಸ್ ಮಾಡ್ಸ್ ಇನ್ನೂ ಹಳೆಯದು, 2001ರಿಂದ ಬಂದದ್ದು. ಮಾರೋವಿಂಡ್ ಆಟದ ಅಭಿಮಾನಿಗಳ ಜಾಗವಾಗಿ ಹುಟ್ಟಿ ಈಗ ಸಾವಿರಾರು ಆಟಗಳಿಗೆ ಬೆಳೆದಿದೆ. ಸ್ಕೈರಿಮ್, ಫಾಲ್‌ಔಟ್, ಸ್ಟಾರ್‌ಡ್ಯೂ ವ್ಯಾಲಿ ಥರದ ಆಟಗಳಿಗೆ ಮಾಡ್ ಹುಡುಕುವವರು ಮೊದಲು ಹೋಗುವುದೇ ಅಲ್ಲಿಗೆ. ಆಟವನ್ನು ಯಾವ ಅಂಗಡಿಯಲ್ಲಿ ಕೊಂಡಿದ್ದರೂ ನಡೆಯುತ್ತದೆ. ಹಳೆಯ ವರ್ಷನ್‌ಗಳನ್ನೂ ಪುಟದಲ್ಲಿ ಇಟ್ಟುಕೊಳ್ಳಬಹುದು. ಇಳಿಸಿಕೊಳ್ಳಲು ಖಾತೆ ಬೇಕು, ಹಣ ಕೊಡದವರಿಗೆ ವೇಗದ ಮಿತಿ ಇದೆ.

ಮೈನ್‌ಕ್ರಾಫ್ಟ್ ಮಾಡ್ ಆದರೆ ಎರಡು ಹೆಸರು ಸಾಕು. ಕರ್ಸ್‌ಫೋರ್ಜ್ ಮತ್ತು ಮಾಡ್ರಿಂತ್. ಎರಡರಲ್ಲೂ ಪ್ರತಿ ಫೈಲಿಗೆ ಇದು ಯಾವ ಮೈನ್‌ಕ್ರಾಫ್ಟ್ ವರ್ಷನ್‌ಗೆ, ಯಾವ ಲೋಡರ್‌ಗೆ (ಮಾಡ್‌ಗಳನ್ನು ಆಟದೊಳಗೆ ತುಂಬುವ ಸಾಫ್ಟ್‌ವೇರ್) ಅಂತ ಗುರುತು ಹಾಕಬೇಕು. ಫ್ಯಾಬ್ರಿಕ್, ಫೋರ್ಜ್, ನಿಯೋಫೋರ್ಜ್ ಹೀಗೆ. ಈ ಗುರುತು ತಪ್ಪಿದರೆ ಆಟ ತೆರೆಯುವಾಗಲೇ ಕುಸಿಯುತ್ತದೆ, ಬೈಗುಳ ನಿಮಗೆ ಬರುತ್ತದೆ. ಹಾಕಿದ ಮಾಡ್‌ಗಳನ್ನು ಎರಡೂ ಕಡೆ ನೋಡಿ ಆಮೇಲೆ ಬಿಡುತ್ತಾರೆ, ಹಾಗಾಗಿ ಇವತ್ತು ಏರಿಸಿದ್ದು ಇವತ್ತೇ ಕಾಣದಿದ್ದರೆ ಗಾಬರಿ ಬೇಡ. ಕರ್ಸ್‌ಫೋರ್ಜ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಆಡ್‌ಆನ್‌ಗಳೂ ಇವೆ. ಮಾಡ್ರಿಂತ್‌ನ ಕೋಡ್ ಎಲ್ಲರಿಗೂ ತೆರೆದಿದೆ. ಒಂದೇ ಮಾಡ್ ಅನ್ನು ಎರಡೂ ಕಡೆ ಇಡುವವರೇ ಜಾಸ್ತಿ, ಅದರಲ್ಲಿ ತಪ್ಪೇನಿಲ್ಲ. ಅಂದ ಹಾಗೆ, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ನಿಮ್ಮ ಮಾಡ್‌ನ ಹೆಸರುಗಳಿಗೆ ಕನ್ನಡದ ಭಾಷಾ ಫೈಲ್ ಒಂದನ್ನು ಸೇರಿಸಿದರೆ ಆಟವನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಅದು ತಾನಾಗಿ ಕಾಣುತ್ತದೆ. ಅರ್ಧ ಗಂಟೆಯ ಕೆಲಸ, ದಯವಿಟ್ಟು ಮಾಡಿ.

ಕನ್ಸೋಲ್‌ನಲ್ಲಿ ಆಡುವವರನ್ನೂ ಮುಟ್ಟಬೇಕು ಅಂದರೆ ಮಾಡ್ ಡಾಟ್ ಐಓ ನೋಡಬೇಕು. 2002ರಲ್ಲಿ ಮಾಡ್‌ಡಿಬಿ ಅನ್ನುವ ಮಾಡ್ ತಾಣ ಶುರು ಮಾಡಿದವರೇ ಇದನ್ನೂ ಕಟ್ಟಿದ್ದು. ಇದು ಆಟದ ಒಳಗೇ ಕೂರುತ್ತದೆ. ಬಾಲ್ಡರ್ಸ್ ಗೇಟ್ 3 ಆಟಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಬಂದ ಪ್ಯಾಚ್ 7 ಅನ್ನುವ ಅಪ್‌ಡೇಟ್ ಇದರ ಮೂಲಕವೇ ಮಾಡ್ ಮ್ಯಾನೇಜರ್ ಕೊಟ್ಟಿತು. ಇಲ್ಲೂ ಅದೇ ಮಾತು, ಆಟ ಮಾಡಿದವರು ಜೋಡಿಸಿದ್ದರೆ ಮಾತ್ರ. ಜೊತೆಗೆ ಕನ್ಸೋಲ್ ಕಂಪನಿಗಳ ನಿಯಮ ಬೇರೆ ಇರುತ್ತದೆ. ಸ್ಕೈರಿಮ್ ಸ್ಪೆಷಲ್ ಎಡಿಷನ್‌ನ ಪ್ಲೇಸ್ಟೇಷನ್ 4 ಮಾಡ್‌ಗಳಲ್ಲಿ ಹೊರಗಿನಿಂದ ತಂದ ಚಿತ್ರ, ಶಬ್ದ, ಮಾಡೆಲ್ ಯಾವುದಕ್ಕೂ ಅವಕಾಶ ಇರಲಿಲ್ಲ. ಆಟದಲ್ಲಿ ಆಗಲೇ ಇರುವುದನ್ನಷ್ಟೇ ಬಳಸಬೇಕಿತ್ತು.

ಲೀಥಲ್ ಕಂಪನಿ, ವಾಲ್‌ಹೈಮ್, ರಿಸ್ಕ್ ಆಫ್ ರೈನ್ 2 ಇವುಗಳಿಗೆ ಥಂಡರ್‌ಸ್ಟೋರ್. ಕೋಡ್ ಇಡುವ ತಾಣವಾದ ಗಿಟ್‌ಹಬ್ ಬಗ್ಗೆ ಆಮೇಲೆ ಹೇಳುತ್ತೇನೆ.

3. ಬದಲಿಸೋದು, ಅಳಿಸೋದು ಯಾರ ಕೈಯಲ್ಲಿದೆ?

ತಾಣ ಆರಿಸುವಾಗ ಹೆಚ್ಚಿನವರು ಇಷ್ಟು ಆಳಕ್ಕೆ ನೋಡುವುದೇ ಇಲ್ಲ. ನಾನೂ ನೋಡಿರಲಿಲ್ಲ. ಆದರೆ ಇಲ್ಲಿ ತಪ್ಪಿದರೆ ಆಮೇಲೆ ಸರಿ ಮಾಡುವುದು ಕಷ್ಟ.

ವರ್ಕ್‌ಶಾಪ್‌ನಲ್ಲಿ ನೀವು ಹೊಸ ವರ್ಷನ್ ಹಾಕಿದ ಕೂಡಲೇ ಅದು ಎಲ್ಲರ ಕಂಪ್ಯೂಟರ್‌ಗೂ ಹೋಗುತ್ತದೆ. ಹಳೆಯದೇ ಇರಲಿ ಅಂತ ಹೇಳಲು ಆಡುವವರಿಗೆ ಸಾಮಾನ್ಯವಾಗಿ ಅವಕಾಶ ಇಲ್ಲ. ಬಣ್ಣ ಬದಲಿಸುವ ಮಾಡ್ ಆದರೆ ತೊಂದರೆ ಕಡಿಮೆ. ಆದರೆ ನಕ್ಷೆ ಬದಲಿಸುವ ಮಾಡ್, ಊರು ಕಟ್ಟುವ ಆಟದ ಮಾಡ್ ಆದರೆ ಒಬ್ಬರು ಇನ್ನೂರು ಗಂಟೆ ಕೂತು ಕಟ್ಟಿದ ಸೇವ್ ಫೈಲ್ ನಿಮ್ಮ ಒಂದು ಅಪ್‌ಡೇಟ್‌ನಿಂದ ತೆರೆಯದೇ ಹೋಗಬಹುದು. ಅಂಥ ದೊಡ್ಡ ಬದಲಾವಣೆ ಮಾಡುವಾಗ ಹಳೆಯ ಪುಟವನ್ನು ಹಾಗೇ ಬಿಟ್ಟು, ಹೊಸದಕ್ಕೆ ಬೇರೆ ಪುಟ ತೆರೆಯುವುದು ಒಳ್ಳೆಯದು. ನೆಕ್ಸಸ್, ಮಾಡ್ರಿಂತ್, ಕರ್ಸ್‌ಫೋರ್ಜ್‌ಗಳಲ್ಲಿ ಹಳೆಯ ಫೈಲ್‌ಗಳು ಪಕ್ಕದಲ್ಲೇ ಇರುತ್ತವೆ, ಬೇಕಾದವರು ಹಿಂದಕ್ಕೆ ಹೋಗಬಹುದು. ಥಂಡರ್‌ಸ್ಟೋರ್‌ನಲ್ಲಿ ಒಮ್ಮೆ ಹಾಕಿದ ವರ್ಷನ್ ಅನ್ನು ಅದೇ ನಂಬರ್‌ನಲ್ಲಿ ಬದಲಿಸಲು ಬರುವುದಿಲ್ಲ. ಸಣ್ಣ ಅಕ್ಷರ ತಪ್ಪಿದ್ದರೂ ನಂಬರ್ ಏರಿಸಿ ಹೊಸದಾಗಿ ಹಾಕಬೇಕು. ಮೊದಲು ಕಿರಿಕಿರಿ ಅನಿಸುತ್ತದೆ. ಆದರೆ 1.0.2 ಅಂದರೆ ಎಲ್ಲರ ಬಳಿಯೂ ಒಂದೇ ಫೈಲ್ ಅನ್ನುವ ಭರವಸೆ ಸಿಗುತ್ತದೆ. ನಾಲ್ಕು ಗೆಳೆಯರು ಸೇರಿ ಆಡುವ ಆಟಕ್ಕೆ ಅದು ತುಂಬಾ ಬೇಕು.

ಇನ್ನು ಅಳಿಸುವುದು. 2021ರ ಜುಲೈನಲ್ಲಿ ನೆಕ್ಸಸ್ ಒಂದು ದೊಡ್ಡ ನಿಯಮ ಬದಲಿಸಿತು. ಮಾಡ್‌ಗಳನ್ನು ಗೊಂಚಲಾಗಿ ಕೊಡುವ ಕಲೆಕ್ಷನ್ಸ್ ಅನ್ನುವ ವ್ಯವಸ್ಥೆಗಾಗಿ, ಮಾಡಿದವರು ಫೈಲನ್ನು ಪೂರ್ತಿ ಅಳಿಸುವ ಹಾಗಿಲ್ಲ, ಬದಿಗೆ ಎತ್ತಿಡಬಹುದು ಅಷ್ಟೇ ಅಂತ ತೀರ್ಮಾನ ಮಾಡಿತು. ಒಪ್ಪದವರಿಗೆ ತಮ್ಮದನ್ನು ತೆಗೆದುಕೊಂಡು ಹೋಗಲು ಸುಮಾರು ಒಂದು ತಿಂಗಳು ಸಮಯ ಕೊಟ್ಟಿತ್ತು. ಹಲವರು ಸಿಟ್ಟಿನಿಂದ ಹೊರಟೇ ಹೋದರು. ನನಗೆ ಎರಡೂ ಕಡೆಯ ಮಾತು ಅರ್ಥವಾಗುತ್ತದೆ. ಆಡುವವರಿಗೆ ಒಂದು ಮಾಡ್ ಏಕಾಏಕಿ ಮಾಯವಾದರೆ ಅದರ ಮೇಲೆ ನಿಂತ ಹತ್ತು ಮಾಡ್ ಬೀಳುತ್ತವೆ. ಮಾಡಿದವರಿಗೆ ತನ್ನ ಕೈಯ ಕೆಲಸ ತನ್ನ ಮಾತು ಕೇಳುವುದಿಲ್ಲ ಅಂದರೆ ನೋವಾಗುತ್ತದೆ. ನನ್ನ ಅನುಭವಕ್ಕೆ ನೋಡಿದರೆ, ಸುಲಭವಾಗಿ ಅಳಿಯದ ಜಾಗವೇ ವಾಸಿ. ಆದರೆ ಇದು ನಿಮ್ಮ ತೀರ್ಮಾನ. ಬಟನ್ ಒತ್ತುವ ಮೊದಲು ಆ ತಾಣದ ನಿಯಮದಲ್ಲಿ ಅಳಿಸುವುದರ ಬಗ್ಗೆ ಏನಿದೆ ಅಂತ ಹುಡುಕಿ ಓದಿ, ಆಮೇಲೆ ಒಪ್ಪಿಕೊಳ್ಳಿ.

ತಾಣವೇ ಮುಚ್ಚಿದರೆ? ಅದೂ ಆಗಿದೆ. ಗೇಮ್‌ಫ್ರಂಟ್ ಅನ್ನುವ ಹಳೆಯ ಫೈಲ್ ತಾಣ 2016ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ವರ್ಷಗಟ್ಟಲೆ ಜನ ಪೇರಿಸಿಟ್ಟ ಮಾಡ್‌ಗಳಿದ್ದ ಜಾಗ ಅದು. ಆಮೇಲೆ ಅದು ಮತ್ತೆ ತೆರೆಯಿತು, ಆದರೆ ಮುಚ್ಚಿದ ದಿನ ಯಾರಿಗೂ ಅದು ಗೊತ್ತಿರಲಿಲ್ಲ ಅಲ್ವಾ? ಎಷ್ಟು ದೊಡ್ಡ ತಾಣವಾದರೂ ಮನೆಯಲ್ಲಿ ಒಂದು ಪ್ರತಿ ಇಲ್ಲದೆ ಅಲ್ಲಿ ಬಿಟ್ಟು ಬರಬೇಡಿ.

4. ಇಳಿಸಿಕೊಳ್ಳುವವರ ಜಾಗದಲ್ಲಿ ಕೂತು ನೋಡಿ

ನಮ್ಮ ಮನೆಯ ಫೈಬರ್‌ನಲ್ಲಿ ಎಲ್ಲವೂ ಬೇಗ ಇಳಿಯುತ್ತದೆ. ಅದನ್ನು ನಂಬಬೇಡಿ. ನಿಮ್ಮ ಮಾಡ್ ಬಳಸುವ ಹುಡುಗ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಅಪ್ಪನ ಫೋನ್ ಹಾಟ್‌ಸ್ಪಾಟ್ ಹಾಕಿಕೊಂಡು ಕೂತಿರಬಹುದು. 800 ಎಂಬಿ ಮಾಡ್ ಅಂದರೆ ಅವನ ದಿನದ ಅರ್ಧಕ್ಕಿಂತ ಜಾಸ್ತಿ. ಮುಕ್ಕಾಲು ಇಳಿದ ಮೇಲೆ ಕಡಿದುಹೋಗಿ ಮೊದಲಿಂದ ಶುರುವಾದರೆ ಅವತ್ತು ಮುಗಿಯಿತು.

ಆರಿಸುವ ಮೊದಲು ಹೀಗೆ ಪರೀಕ್ಷೆ ಮಾಡಿ. ಆ ತಾಣದಲ್ಲಿ ಆಗಲೇ ಇರುವ, ನಿಮ್ಮದರಷ್ಟೇ ದೊಡ್ಡದಾದ ಯಾವುದಾದರೂ ಮಾಡ್ ತೆಗೆದುಕೊಳ್ಳಿ. ಲಾಗಿನ್ ಆಗದೆ, ಜಾಹೀರಾತು ತಡೆಯುವ ಆಡ್‌ಬ್ಲಾಕರ್ ಆಫ್ ಮಾಡಿ, ಫೋನಿನ ಡೇಟಾದಲ್ಲಿ ಇಳಿಸಿ ನೋಡಿ. ಎಷ್ಟು ಪುಟ ದಾಟಬೇಕಾಯಿತು? ಖಾತೆ ಕೇಳಿತಾ? ನಡುವೆ ಡೇಟಾ ಒಂದು ನಿಮಿಷ ಆರಿಸಿ ಮತ್ತೆ ಹಾಕಿದರೆ ನಿಂತಲ್ಲಿಂದ ಮುಂದುವರಿಯಿತಾ? ಅಸಲಿ ಬಟನ್ ಯಾವುದು ಅಂತ ಒಂದು ಕ್ಷಣವಾದರೂ ಗೊಂದಲ ಆಯಿತಾ? ಆಗಿದ್ದರೆ ಆ ತಾಣ ಬೇಡ. ಬೇರೆ ಏನೇ ಒಳ್ಳೆಯದಿದ್ದರೂ ಬೇಡ.

ಫೋನ್ ಆಟದ ಮಾಡ್ ಮಾಡುವವರಿಗೆ ಇದು ಇನ್ನೂ ಕಷ್ಟ. ಆ ಆಟಗಳಿಗೆ ಅಂಗಡಿಯಂಥ ಅಧಿಕೃತ ಜಾಗ ಇಲ್ಲದಾಗ ಎಲ್ಲರೂ ಕ್ಲೌಡ್ ಡ್ರೈವ್ ಲಿಂಕ್‌ಗೆ ಹೋಗುತ್ತಾರೆ. ಡ್ರೈವ್‌ಗಳು ಹೀಗೆ ಸಾವಿರಾರು ಜನ ಒಂದೇ ಫೈಲ್ ಇಳಿಸಲಿ ಅಂತ ಮಾಡಿದವಲ್ಲ. ಗೂಗಲ್ ಡ್ರೈವ್‌ನಲ್ಲಿ ಒಂದೇ ಫೈಲಿಗೆ ತುಂಬಾ ಜನ ಬಂದರೆ ಸ್ವಲ್ಪ ಹೊತ್ತು ತಡೆ ಹಾಕುತ್ತದೆ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನುವ ನಿಯಮವೂ 2023ರಿಂದ ಇದೆ. ಡ್ರೈವ್ ಬಳಸಲೇಬೇಕಾದರೆ ಜನರಿಗೆ ಡ್ರೈವ್ ಲಿಂಕ್ ನೇರವಾಗಿ ಕೊಡಬೇಡಿ. ಗಿಟ್‌ಹಬ್‌ನಲ್ಲಿ ಒಂದು ಪುಟ ಮಾಡಿ, ಆ ಪುಟದ ಲಿಂಕ್ ಹಂಚಿ. ಒಳಗಿನ ಡ್ರೈವ್ ಲಿಂಕ್ ಬದಲಾದರೂ ಪುಟದ ವಿಳಾಸ ಬದಲಾಗದು. ಇನ್ನೂ ಒಳ್ಳೆಯದು, ಫೈಲನ್ನೇ ಗಿಟ್‌ಹಬ್‌ನ ರಿಲೀಸ್ ವಿಭಾಗದಲ್ಲಿ ಇಡುವುದು. ಅಲ್ಲಿ ಒಂದೊಂದು ಫೈಲೂ 2 ಜಿಬಿಯೊಳಗೆ ಇದ್ದರೆ ಸಾಕು, ಇಳಿಸಿಕೊಳ್ಳಲು ಖಾತೆ ಬೇಡ, ಜಾಹೀರಾತು ಇಲ್ಲ. ಆದರೆ ಫೈಲನ್ನು ನೇರವಾಗಿ ಕೋಡ್ ಜೊತೆ ಸೇರಿಸಲು ಹೋಗಬೇಡಿ, 100 ಎಂಬಿ ದಾಟಿದ್ದನ್ನು ಅದು ತೆಗೆದುಕೊಳ್ಳುವುದಿಲ್ಲ. ಪುಟದ ಮೇಲ್ಗಡೆಯೇ "ಇಲ್ಲಿ ಒತ್ತಿ ಇಳಿಸಿಕೊಳ್ಳಿ" ಅಂತ ಕನ್ನಡದಲ್ಲಿ ಬರೆದು ರಿಲೀಸ್ ಲಿಂಕ್ ಕೊಡಿ. ಗಿಟ್‌ಹಬ್ ನೋಡದವರಿಗೆ ಆ ಪುಟ ಗೋಜಲಾಗಿ ಕಾಣುತ್ತದೆ.

ಮಾಡ್‌ನ ತೂಕ ಇಳಿಸುವುದಕ್ಕೂ ಒಂದು ಸಂಜೆ ಕೊಡಿ. ನನ್ನ ಟ್ರೇಲರ್‌ನ ಒಳಮೈಗೂ ದೊಡ್ಡ ಚಿತ್ರವನ್ನೇ ಹಾಕಿದ್ದೆ, ಆಡುವಾಗ ಅದು ಕಾಣುವುದೇ ಇಲ್ಲ. ಅಂಥವನ್ನು ಚಿಕ್ಕದು ಮಾಡಿದ ಮೇಲೆ ಫೈಲ್ ಅರ್ಧಕ್ಕಿಂತ ಕಡಿಮೆಯಾಯಿತು.

5. ಒಳಗೆ ಏನಿದೆ ಅಂತ ಎಣಿಸಿ

ಒಳ್ಳೆಯ ತಾಣಗಳು ಏರಿಸುವಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತವೆ: ಇದರಲ್ಲಿರುವುದೆಲ್ಲ ನಿಮ್ಮದೇನಾ? ಸುಮ್ನೆ ಹೌದು ಅಂತ ಒತ್ತಬೇಡಿ. ಕೂತು ಪಟ್ಟಿ ಮಾಡಿ. ನಾನು ಮಾಡಿದಾಗ ಮೂರು ವಿಷಯ ಎದ್ದು ಬಂತು.

ಮೊದಲನೆಯದು ಅಕ್ಷರ. ಹಿಂಬಾಗಿಲ ಬರಹಕ್ಕೆ ಎಲ್ಲಿಂದಲೋ ಸಿಕ್ಕ ಒಂದು ಫಾಂಟ್ ಬಳಸಿದ್ದೆ, ಅದರ ಲೈಸೆನ್ಸ್ ಏನು ಅಂತ ಗೊತ್ತಿರಲಿಲ್ಲ. ಅದನ್ನು ತೆಗೆದು ಬಲೂ ತಮ್ಮ ಫಾಂಟ್ ಹಾಕಿದೆ. ನೋಟೋ ಸ್ಯಾನ್ಸ್ ಕನ್ನಡದ ಹಾಗೆ ಅದೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ, ಧೈರ್ಯವಾಗಿ ಬಳಸಬಹುದು. ದಪ್ಪ, ದುಂಡು ಅಕ್ಷರ. ಲಾರಿಗೆ ಚೆನ್ನಾಗಿಯೇ ಒಪ್ಪಿತು. ಇಲ್ಲೊಂದು ಸೂಕ್ಷ್ಮ ಇದೆ. ಕೆಲವು ಆಟಗಳಿಗೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ. "ಪ್ರಧಾನ" ಅಂತ ಬರೆದರೆ ರ ಒತ್ತು ಪಕ್ಕಕ್ಕೆ ಬಿದ್ದು ಬೇರೆಯಾಗಿ ನಿಲ್ಲುತ್ತದೆ. ಬರಹವನ್ನು ಚಿತ್ರವಾಗಿ ಮಾಡಿ ಅಂಟಿಸಿದರೆ ಆ ತೊಂದರೆ ಇಲ್ಲ.

ಎರಡನೆಯದು ನಂಬರ್ ಪ್ಲೇಟ್. ನೆಲಮಂಗಲದ ಕೆಎ 52 ಹಾಕಿ, ಫೋಟೋದಲ್ಲಿ ಇದ್ದ ಅಂಕೆಗಳನ್ನೇ ಬರೆದಿದ್ದೆ. ಅದು ಯಾರದೋ ನಿಜವಾದ ಗಾಡಿ. ಬದಲಿಸಿದೆ. ಫೋಟೋದಿಂದ ತೆಗೆದ ಟ್ರಾನ್ಸ್‌ಪೋರ್ಟ್ ಹೆಸರು, ಫೋನ್ ನಂಬರ್ ಇದ್ದರೂ ಅಳಿಸಿ.

ಮೂರನೆಯದು ಗುರುತು ಚಿಹ್ನೆ. ಸಂಸ್ಥೆಗಳ ಲೋಗೋ ಅವರ ಸ್ವತ್ತು. ದೂರು ಬಂದರೆ ತಾಣ ನಿಮ್ಮ ಪುಟವನ್ನೇ ತೆಗೆಯಬಹುದು. ಹಾಗೇ ಬೇರೆಯವರ ಮಾಡ್‌ನಿಂದ ಚಕ್ರ, ಬಂಪರ್ ತೆಗೆದುಕೊಂಡಿದ್ದರೆ ಅವರ ಪುಟದಲ್ಲಿ ಅನುಮತಿಯ ಸಾಲು ಓದಿ, ಇಲ್ಲದಿದ್ದರೆ ಬರೆದು ಕೇಳಿ. ಕೇಳಿದರೆ ಬಹಳ ಜನ ಕೊಡುತ್ತಾರೆ. ನಿಮ್ಮದನ್ನು ಇನ್ನೊಬ್ಬರು ಬಳಸಬಹುದಾ, ಬೇರೆ ಕಡೆ ಏರಿಸಬಹುದಾ ಅನ್ನುವುದನ್ನೂ ಬರೆದೇ ಇಡಿ. ನೆಕ್ಸಸ್‌ನಲ್ಲಿ ಇದಕ್ಕೆ ಬೇರೆ ಬೇರೆ ಖಾನೆಗಳೇ ಇವೆ. ಕದ್ದ ಪ್ರತಿಯ ಮೇಲೆ ದೂರು ಕೊಡುವ ದಿನ ಆ ಸಾಲೇ ನಿಮ್ಮ ಸಾಕ್ಷಿ.

6. ಹಣ ಮತ್ತು ಬೀಗ

ಹಣದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕರ್ಸ್‌ಫೋರ್ಜ್‌ನಲ್ಲಿ ಪಾಯಿಂಟ್ಸ್, ಮಾಡ್ರಿಂತ್‌ನಲ್ಲಿ ಜಾಹೀರಾತಿನ ಪಾಲು, ನೆಕ್ಸಸ್‌ನಲ್ಲಿ ಡೊನೇಷನ್ ಪಾಯಿಂಟ್ಸ್ ಅಂತ ಏನೋ ಒಂದಷ್ಟು ಬರುತ್ತದೆ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದಿಂದ ಬರುವುದನ್ನು ತೆಗೆದುಕೊಳ್ಳಬಹುದು. ಮಾಡ್ ಮಾರುವ ಯೋಚನೆ ಇದ್ದರೆ ಮೊದಲು ಆಟದ ನಿಯಮ ಓದಿ. ಮೈನ್‌ಕ್ರಾಫ್ಟ್ ಜಾವಾದ ಮಾಡ್ ಮಾರುವ ಹಾಗಿಲ್ಲ. 2015ರ ಏಪ್ರಿಲ್‌ನಲ್ಲಿ ವರ್ಕ್‌ಶಾಪ್‌ನಲ್ಲಿ ಸ್ಕೈರಿಮ್ ಮಾಡ್ ಮಾರಲು ಬಿಟ್ಟು, ಆಡುವವರ ಸಿಟ್ಟು ನೋಡಿ ಕೆಲವೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡದ್ದು ಹಳೆಯ ಕಥೆ. ಹಣ ನೋಡಿಕೊಂಡು ತಾಣ ಆರಿಸುವುದು ನನಗೆ ಸರಿ ಕಾಣುವುದಿಲ್ಲ.

ಬೀಗದ ವಿಷಯಕ್ಕೆ ಮಾತ್ರ ನಿಲ್ಲಲೇಬೇಕು. 2023ರ ಜೂನ್‌ನಲ್ಲಿ ಫ್ರಾಕ್ಚರೈಸರ್ ಅನ್ನುವ ಕೆಟ್ಟ ಸಾಫ್ಟ್‌ವೇರ್ ಮೈನ್‌ಕ್ರಾಫ್ಟ್ ಮಾಡ್‌ಗಳ ಮೂಲಕ ಹರಡಿತು. ಮಾಡ್ ಮಾಡುವವರ ಖಾತೆಗಳು ಬೇರೆಯವರ ಕೈಗೆ ಸಿಕ್ಕಿ, ಜನ ನಂಬಿದ ಹೆಸರುಗಳ ಅಡಿಯಲ್ಲೇ ಸೋಂಕಿನ ಫೈಲ್‌ಗಳು ಏರಿದವು. ಹಾಗಾಗಿ ಎರಡು ಹಂತದ ಲಾಗಿನ್ ಕೊಡದ ತಾಣವನ್ನು ಪಟ್ಟಿಯಿಂದ ತೆಗೆಯಿರಿ. ಕೊಡುವ ತಾಣದಲ್ಲಿ ಅದನ್ನು ಮೊದಲ ದಿನವೇ ಹಾಕಿಕೊಳ್ಳಿ. ತಾಣದ ಪಾಸ್‌ವರ್ಡ್ ಮತ್ತು ಇಮೇಲ್ ಪಾಸ್‌ವರ್ಡ್ ಒಂದೇ ಇರಬಾರದು.

7. ಏರಿಸುವ ದಿನ

ಹೆಸರನ್ನು ಕನ್ನಡದಲ್ಲಿ ಇಡಿ, ಜೊತೆಗೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ನಮ್ಮವರೇ ಹುಡುಕುವಾಗ ಇಂಗ್ಲಿಷ್ ಅಕ್ಷರ ಒತ್ತುತ್ತಾರೆ. ವಿವರಣೆಯಲ್ಲಿ ಬೆಂಗಳೂರಿನ ಹೊಸ ಸ್ಪೆಲಿಂಗ್, ಹಳೆಯ ಸ್ಪೆಲಿಂಗ್ ಎರಡೂ ಇರಲಿ.

ಮೊದಲ ಮೂರು ಸಾಲಿನಲ್ಲಿ ಇದೇನು, ಆಟದ ಯಾವ ವರ್ಷನ್‌ಗೆ, ಇನ್ಯಾವ ಮಾಡ್ ಬೇಕು ಅನ್ನುವುದು ಬರಲಿ. ಕಥೆ ಆಮೇಲೆ. ಚಿತ್ರ ಆಟದ ಒಳಗಿನದ್ದೇ ಇರಲಿ.

ಫೈಲ್ ಜೋಡಿಸುವ ಕ್ರಮ ತಾಣಕ್ಕೊಂದು ಥರ. ಥಂಡರ್‌ಸ್ಟೋರ್ ಝಿಪ್ ಒಳಗೆ ಮ್ಯಾನಿಫೆಸ್ಟ್ ಫೈಲ್ (ಮಾಡ್‌ನ ಹೆಸರು, ವರ್ಷನ್ ಬರೆದಿಡುವ ಫೈಲ್), ರೀಡ್‌ಮಿ ಅನ್ನುವ ವಿವರಣೆಯ ಫೈಲ್, 256 ಅಡ್ಡ 256 ಪಿಕ್ಸೆಲ್‌ನ ಐಕಾನ್ ಕೇಳುತ್ತದೆ. ಐಕಾನ್ ಅಳತೆ ತಪ್ಪಿದರೆ ತೆಗೆದುಕೊಳ್ಳುವುದೇ ಇಲ್ಲ. ಸ್ಟಾರ್‌ಡ್ಯೂ ವ್ಯಾಲಿಯ ಮಾಡ್ ಆದರೆ ಮ್ಯಾನಿಫೆಸ್ಟ್‌ನಲ್ಲಿ ಅಪ್‌ಡೇಟ್ ಕೀ ಅನ್ನುವ ಸಾಲು ಮರೆಯಬೇಡಿ. ಅಲ್ಲಿ ನೆಕ್ಸಸ್ ಅಥವಾ ಗಿಟ್‌ಹಬ್ ಪುಟದ ಗುರುತು ಬರೆದರೆ, ಹೊಸ ವರ್ಷನ್ ಬಂದಾಗ ಆ ಆಟದ ಮಾಡ್ ಲೋಡರ್ ಆದ ಸ್ಮಾಪಿ ತಾನೇ ಆಡುವವರಿಗೆ ತಿಳಿಸುತ್ತದೆ. ವರ್ಕ್‌ಶಾಪ್‌ನಲ್ಲಿ ಮೊದಲು ಹಿಡನ್ ಅಂತ ಇಟ್ಟು ಏರಿಸಿ. ನೀವೇ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಮಾಡ್ ಫೋಲ್ಡರ್‌ನಲ್ಲಿರುವ ಹಳೆಯ ಪ್ರತಿ ತೆಗೆದು, ಆಟ ತೆರೆದು ನೋಡಿ. ಆ ಹಳೆಯ ಪ್ರತಿ ಅಲ್ಲೇ ಇದ್ದರೆ ಆಟ ಅದನ್ನೇ ತೋರಿಸಿ, ಎಲ್ಲ ಸರಿ ಇದೆ ಅನ್ನುವ ಭ್ರಮೆ ಹುಟ್ಟಿಸುತ್ತದೆ. ಸರಿ ಕಂಡ ಮೇಲೆ ಪಬ್ಲಿಕ್ ಮಾಡಿ.

8. ಒಂದು ವಿಳಾಸ, ಒಂದು ಜೊತೆ ಪ್ರತಿ, ಒಂದು ಮನೆಯ ಪ್ರತಿ

ಹತ್ತು ಕಡೆ ಹಾಕಿದರೆ ಹತ್ತೂ ಕಡೆ ಅಪ್‌ಡೇಟ್ ಮಾಡಬೇಕು. ಮೂರನೇ ತಿಂಗಳಿಗೆ ಎರಡು ಕಡೆ ಮಾತ್ರ ಹೊಸದು, ಎಂಟು ಕಡೆ ಹಳಸಿದ್ದು. ಆಡುವವರು ಒಟ್ಟಿಗೆ ಇರುವ ಕಡೆ ಒಂದು ಮುಖ್ಯ ವಿಳಾಸ ಮಾಡಿ. ಅದು ತಲುಪದವರಿಗಾಗಿ ಇನ್ನೊಂದು ಸಾಕು. ನನಗೆ ಮುಖ್ಯವಾದದ್ದು ವರ್ಕ್‌ಶಾಪ್, ಜೊತೆಗೆ ಗಿಟ್‌ಹಬ್ ರಿಲೀಸ್. ಎರಡೂ ಪುಟದಲ್ಲಿ ಇನ್ನೊಂದರ ಲಿಂಕ್ ಇದೆ, "ಈ ಎರಡು ಬಿಟ್ಟು ಬೇರೆ ಕಡೆ ಸಿಗುವುದು ನಾನು ಹಾಕಿದ್ದಲ್ಲ, ಈ ಮಾಡ್‌ನಲ್ಲಿ ಇಎಕ್ಸ್‌ಇ ಫೈಲ್ ಇಲ್ಲ" ಅನ್ನುವ ಸಾಲೂ ಇದೆ.

ಮನೆಯ ಪ್ರತಿಯಲ್ಲಿ ಏರಿಸಿದ ಫೈಲ್ ಮಾತ್ರ ಇದ್ದರೆ ಸಾಲದು. ಪದರಗಳಿರುವ ಮೂಲ ಚಿತ್ರ, ಮಾಡೆಲ್ ಫೈಲ್, ಫಾಂಟ್, ಅನುಮತಿ ಕೊಟ್ಟವರ ಮೆಸೇಜ್‌ನ ಸ್ಕ್ರೀನ್‌ಶಾಟ್ ಎಲ್ಲ ಸೇರಿ ವರ್ಷನ್‌ಗೊಂದು ಫೋಲ್ಡರ್ ಇರಲಿ. ನಾನು ಎಸ್‌.ಪಿ. ರೋಡ್‌ಗೆ ಹೋಗಿ ಇದಕ್ಕೇ ಅಂತ ಒಂದು ಹಾರ್ಡ್ ಡಿಸ್ಕ್ ತಂದೆ. ಅಂಗಡಿಯಲ್ಲೇ ಜೋಡಿಸಿ, ಅಳತೆ ಸರಿ ತೋರಿಸುತ್ತಾ ನೋಡಿ, ಬಿಲ್ ತೆಗೆದುಕೊಂಡು ಬನ್ನಿ. ಆರು ತಿಂಗಳಿಗೊಮ್ಮೆ ಅದರಿಂದ ಒಂದು ಫೈಲ್ ತೆರೆದು ನೋಡಿ.

ಕದ್ದ ಪ್ರತಿ ಇದ್ದ ತಾಣಕ್ಕೆ, ನನ್ನ ಮೂಲ ಚಿತ್ರಗಳ ಸ್ಕ್ರೀನ್‌ಶಾಟ್ ಸೇರಿಸಿ ದೂರು ಬರೆದೆ. ಉತ್ತರ ಬರಲಿಲ್ಲ. ಆದರೆ ವರ್ಕ್‌ಶಾಪ್ ಪುಟ ಹುಡುಕಿದಾಗ ಸಿಗತೊಡಗಿದ ಮೇಲೆ, ಮೊದಲಿನ ಹಾಗೆ "ಲಿಂಕ್ ಕಳಿಸಿ" ಅನ್ನುವ ಮೆಸೇಜ್‌ಗಳು ನಿಂತವು.

ಏರಿಸಿದ ಸಂಜೆ ರಾಜಾಜಿನಗರಕ್ಕೆ ಫೋನ್ ಮಾಡಿದೆ. ಹುಡುಗ ಸಬ್‌ಸ್ಕ್ರೈಬ್ ಒತ್ತಿ, ಮಾಡ್ ಮ್ಯಾನೇಜರ್‌ನಲ್ಲಿ ಅದನ್ನು ಆನ್ ಮಾಡಿ, ಆಟದ ಒಳಗೆ ಹೋಗಿ ಟ್ರೇಲರ್ ಹಿಂದೆ ಕ್ಯಾಮೆರಾ ತಿರುಗಿಸಿದ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಚಿಕ್ಕಿ, ಬಂತು. ಆದ್ರೆ ಬಾಗಿಲ ಕೆಳಗಡೆ ಒಂದು ಪಟ್ಟಿ ವಕ್ರ ಆಗಿದೆ ನೋಡು, ಬಲಗಡೆ" ಅಂದ. ನೋಡಿದೆ, ಹೌದು. ಅವತ್ತು ರಾತ್ರಿಯೇ ಅದನ್ನು ನೇರ ಮಾಡಿ 1.1 ಏರಿಸಿದೆ. ಬೆಳಿಗ್ಗೆ ಅವನು ಶಾಲೆಗೆ ಹೋಗುವ ಮೊದಲು ಲ್ಯಾಪ್‌ಟಾಪ್ ತೆರೆದಾಗ ಅದು ತಾನಾಗಿ ಬದಲಾಗಿತ್ತು.